ನೆಲವನ್ನು ತಬ್ಬುವ ಆಸನ

ಮಾರ್ಚ್ ೩, ಸೋಮವಾರ

ತಂಗಿಯನ್ನು ಇಂದು ಆಸ್ಪತ್ರೆಯಿಂದ ಪುನಶ್ಚೇತನ ಕೇಂದ್ರಕ್ಕೆ ಸಾಗಿಸಿದರು. ಸೊಂಟದ ಕೀಲು ಹೊಸದು, ನಾಲಗೆ ಹಳೆಯದೇ. "ಅಕ್ಕ, ಇನ್ಮೇಲೆ ನನ್ನ ಮೈಯಲ್ಲಿ ಬೆಲೆಬಾಳೋ ಲೋಹ ಇದೆ, ಸ್ವಲ್ಪ ಮರ್ಯಾದೆ ಕೊಟ್ಟು ಮಾತಾಡು" ಎಂದಳು. ನಾನು ಎಂದಿಗೂ ಮರ್ಯಾದೆಯಿಂದಲೇ ಮಾತನಾಡುತ್ತೇನೆ ಎಂದೆ. ಅವಳು ದಾದಿಯ ಮುಖ ನೋಡಿದಳು. ದಾದಿ ಕಿಟಕಿಯ ಕಡೆ ನೋಡಿದಳು.

ಬಿದ್ದದ್ದು ಹೇಗೆಂದು ಎಲ್ಲರೂ ನನ್ನನ್ನೇ ಕೇಳುತ್ತಾರೆ. ಪರದೆಯ ನೆರಿಗೆಗಳು ಸಮವಾಗಿಲ್ಲವೆಂದು ನಾನು ಹೇಳಿದ್ದು ನಿಜ. ಸ್ಟೂಲು ಹತ್ತೆಂದು ಹೇಳಿರಲಿಲ್ಲ. ಈ ವ್ಯತ್ಯಾಸವನ್ನು ದಾದಿಗೆ ಸಾವಧಾನವಾಗಿ ವಿವರಿಸುತ್ತಿದ್ದೆ. ಆಕೆಗೆ ಅಷ್ಟರಲ್ಲಿ ಬೇರೊಬ್ಬ ರೋಗಿಯ ನೆನಪಾಯಿತು.

ತಿಂಗಳ ಕೊನೆಯ ವೇಳೆಗೆ ತಂಗಿಯನ್ನು ಕಳುಹಿಸಿಕೊಡುತ್ತಾರಂತೆ. ಮನೆ ಅವಳ ನಡಿಗೆಗೆ ತಕ್ಕಂತಿರಬೇಕಂತೆ. ನಮ್ಮ ಮನೆ ಎಲ್ಲರಿಗೂ ತಕ್ಕದ್ದೇ. ನಲವತ್ತು ವರ್ಷಗಳಿಂದ ಇಬ್ಬರೂ ಇಲ್ಲಿಯೇ ಇದ್ದೇವೆ. ಒಂದು ಕುರ್ಚಿಯಾದರೂ ಸವೆದಿಲ್ಲ, ಏಕೆಂದರೆ ಎಲ್ಲಕ್ಕೂ ನಾನು ಗವಸು ಹೊಲಿಸಿದ್ದೇನೆ.

ಮನೆ ಬಹಳ ನಿಶ್ಶಬ್ದವಾಗಿದೆ. ಕೆಲಸಕ್ಕೆ ಅನುಕೂಲವೇ ಆಯಿತು. ಪರದೆಯನ್ನು ಮಾತ್ರ ಇನ್ನೂ ಮುಟ್ಟಿಲ್ಲ.

ಮಾರ್ಚ್ ೫, ಬುಧವಾರ

ಬರುವ ವರ್ಷದ ವೈಭವಗೃಹಗಳನ್ನು ಕುರಿತ ವಿಶೇಷ ಸಂಚಿಕೆಯ ಕರಡು ಬಂದಿತು. ಮುದ್ರಣಾಲಯದಿಂದ ನಿವೃತ್ತಳಾದ ಮೇಲೆ ಈ ಗೃಹಾಲಂಕಾರ ಪತ್ರಿಕೆಯ ಬರಹಗಳನ್ನು ತಿದ್ದಿಕೊಡುವುದೇ ನನ್ನ ಉದ್ಯೋಗ. ನನಗೆ ಬರುವುದು ಬರಹ ಮಾತ್ರ. ಚಿತ್ರಗಳು ಇನ್ನಾವುದೋ ಮೇಜಿನಿಂದ ನೇರವಾಗಿ ಪುಟಕ್ಕೆ ಹೋಗುತ್ತವೆ. ಅಚ್ಚಾದ ಸಂಚಿಕೆಯನ್ನು, ತಪ್ಪು ಉಳಿದಿರಬಹುದೆಂಬ ಭಯದಿಂದ, ನಾನು ತೆರೆಯುವುದಿಲ್ಲ. ಹೀಗಾಗಿ ಜಗತ್ತಿನ ಅತಿ ದುಬಾರಿ ಪೀಠೋಪಕರಣಗಳೆಲ್ಲ ನನಗೆ ವಾಕ್ಯರೂಪದಲ್ಲಿ ಆಪ್ತ. ಎದುರಿಗೆ ಬಂದರೆ ಗುರುತು ಹತ್ತದು.

ಬರುವ ವರ್ಷ ಮೂಲೆಗಳಿಗೆ ಉಳಿಗಾಲವಿಲ್ಲ. ಗೋಡೆ, ಮೇಜು, ಮಂಚ ಎಲ್ಲವೂ ಬಾಗಬೇಕು. ಬಿಳಿಯ ದಿನಗಳು ಮುಗಿದವು. ಇನ್ನು ಒಣಗಿದ ಅಣಬೆಯ ಬಣ್ಣ. ದೀಪಗಳು ಸೂರನ್ನು ಬಿಟ್ಟು ನೆಲಕ್ಕಿಳಿಯುತ್ತವೆ. ಅಡುಗೆಮನೆ ಬಾಗಿಲುಗಳ ಹಿಂದೆ ಅಡಗಿ ಕೂರುತ್ತದೆ, ಸಿರಿವಂತರ ಮನೆಯಲ್ಲಿ ಯಾರಿಗೂ ಹಸಿವೆಯೇ ಆಗುವುದಿಲ್ಲವೆಂಬಂತೆ. ಇದಕ್ಕೆಲ್ಲ ಒಟ್ಟಾಗಿ 'ಮೌನ ವೈಭವ' ಎಂದು ಹೆಸರು. ಹೆಸರು ನನ್ನದೇ ಸೃಷ್ಟಿ. ಈ ಮನೆಯಲ್ಲಿ ಮೌನವಂತೂ ಬೇಕಾದಷ್ಟಿದೆ.

ಒಬ್ಬ ಬರಹಗಾರ "ಈ ಸೋಫಾ ತುಂಬಾ ತಗ್ಗಾಗಿದೆ" ಎಂದು ಬರೆದಿದ್ದ. ಇಂಥ ಬಡಕಲು ವಾಕ್ಯವನ್ನು ವೈಭವಗೃಹದೊಳಗೆ ಬಿಟ್ಟುಕೊಳ್ಳುವುದು ಹೇಗೆ? "ನೆಲವನ್ನು ತಬ್ಬಿ ಮಲಗಿ, ದಣಿದು ಬಂದವರನ್ನು ಮೋಡದಂತೆ ತನ್ನೊಳಗೆ ಬರಮಾಡಿಕೊಳ್ಳುವ ಅರ್ಧಚಂದ್ರಾಸನ" ಎಂದು ತಿದ್ದಿದೆ. ಪತ್ರಿಕೆಯ ಸಂಪಾದಕಿ ದೂರವಾಣಿಯಲ್ಲಿ "ಮೇಡಂ, ಸೂಪರ್" ಎಂದಳು. ವಯಸ್ಸು ನೋಡಿ ಕ್ಷಮಿಸಿದೆ.

ತಿದ್ದಿದ ಮೇಲೆ ಮೂಲವನ್ನು ಮರೆತುಬಿಡುವುದು ನನ್ನ ಅಭ್ಯಾಸ. ಇಲ್ಲವಾದರೆ ಕೆಟ್ಟ ವಾಕ್ಯಗಳು ತಲೆಯಲ್ಲಿಯೇ ಬಿಡಾರ ಹೂಡುತ್ತವೆ.

ಮಾರ್ಚ್ ೮, ಶನಿವಾರ

ಕೇಂದ್ರಕ್ಕೆ ಹೋಗಿದ್ದೆ. ಪಕ್ಕದ ಹಾಸಿಗೆಗೆ ಒಬ್ಬಾಕೆ ಬಂದಿದ್ದಾರೆ. ನಿವೃತ್ತ ಬಸ್ ಕಂಡಕ್ಟರ್; ಮೊಣಕಾಲಿನ ಶಸ್ತ್ರಚಿಕಿತ್ಸೆ. ಹಿಂದಿನ ಬಾಗಿಲಲ್ಲಿ ನಿಂತು ಮುಂದಿನ ಬಾಗಿಲಿಗೆ ಕೇಳಿಸಬಲ್ಲ ಕಂಠ. ನಾನು ಒಳಗೆ ಕಾಲಿಡುತ್ತಲೇ "ಬನ್ನಿ ಬನ್ನಿ, ಒಳಗಡೆ ನಡೀರಿ, ಬಾಗಿಲಲ್ಲಿ ನಿಲ್ಬೇಡಿ, ಸೀಟ್ ಖಾಲಿ ಇದೆ" ಎಂದರು. ತಂಗಿ ನಕ್ಕಳು. ಹಾಸಿಗೆಯ ಮೇಲೆ ಇಬ್ಬರ ಲೋಟಗಳು, ಬಾಚಣಿಗೆ, ಅರ್ಧ ತಿಂದ ಬಿಸ್ಕತ್ತು, ಎಲ್ಲವೂ ಒಂದರ ಮೇಲೊಂದು ಬಿದ್ದಿದ್ದವು. ನಾನು ಎತ್ತಿ ಓರಣವಾಗಿಡಲು ಕೈ ಚಾಚಿದೆ.

"ಇರ್ಲಿ ಬಿಡು ಅಕ್ಕ, ಇಲ್ಲಿ ಯಾರೂ ಏನೂ ಅನ್ನಲ್ಲ."

ಮಾತಿನ ನಡುವೆ ಕಂಡಕ್ಟರಮ್ಮ ಹೇಳಿದರು: "ನಮ್ಮನೆ ಕೆಳಗಡೆದು. ಮೆಟ್ಟಿಲಿಲ್ಲ, ಹೊಸ್ತಿಲಿಲ್ಲ. ಒಂದು ರೂಮು ಸುಮ್ನೆ ಬಿದ್ದಿದೆ. ಇವಳು ನನ್ ಜೊತೆ ಬರ್ಲಿ ಬಿಡಿ. ಇಬ್ರೂ ಒಟ್ಟಿಗೆ ಕುಂಟ್ತಾ ಇರ್ತೀವಿ, ಒಬ್ರನ್ನೊಬ್ರು ನೋಡಿ ನಗ್ತಾ ಇರ್ತೀವಿ."

"ಎಷ್ಟು ದಿನ?" ಎಂದೆ.

"ಅದಕ್ಕೇನು ಟಿಕೆಟ್ ಹರೀಬೇಕಾ? ಇಳೀಬೇಕು ಅನ್ನಿಸ್ದಾಗ ಇಳೀತಾಳೆ."

ತಂಗಿ ಇದನ್ನು ನಗೆಯಲ್ಲಿ ತೇಲಿಸಿಬಿಡುತ್ತಾಳೆಂದು ಕಾದೆ. ಅವಳು ಹೊದಿಕೆಯ ಅಂಚನ್ನು ಬೆರಳಿನಿಂದ ಸವರುತ್ತ ಕುಳಿತಿದ್ದಳು.

ನಾನು ಉತ್ತರಿಸಲಿಲ್ಲ. ಅಸಂಬದ್ಧ ಮಾತಿಗೆ ಉತ್ತರ ಕೊಡದೆ ಸುಮ್ಮನಾಗುವುದು ನನ್ನ ಶಿಸ್ತು. ತಂಗಿ ಇದಕ್ಕೆ 'ಅಕ್ಕನ ಬೀಗ' ಎಂದು ಹೆಸರಿಟ್ಟಿದ್ದಾಳೆ. ಬೀಗ ಹಾಕಿಕೊಂಡೇ ಮನೆಗೆ ಬಂದೆ.

ಮಾರ್ಚ್ ೧೧, ಮಂಗಳವಾರ

ಯೋಚಿಸಿ ನೋಡಿದೆ. ತಂಗಿಗೆ ಬೇಸರ ಬಂದಿರುವುದು ಮನೆಯ ಹಳತನದಿಂದ. ಬೇರೆ ಕಾರಣವೇನೂ ತೋರದು. ಹೊಸ ಮನೆ ಕಂಡರೆ ತಾನಾಗಿ ಬರುತ್ತಾಳೆ. ಹೊಸತನದ ವಿಷಯದಲ್ಲಿ ನನ್ನಷ್ಟು ಓದಿದವರು ಈ ಬೀದಿಯಲ್ಲಿ ಯಾರಿದ್ದಾರೆ? ಬರುವ ವರ್ಷದ ಮನೆಯನ್ನು ಈ ವರ್ಷವೇ ಕಟ್ಟಿ ತೋರಿಸುತ್ತೇನೆ.

ಅವಳಿಗೊಂದು ಶಾಲು ಬೇಕೆಂದು ಅವಳ ಬೀರು ತೆರೆದೆ. ಬಾಗಿಲಿನ ಒಳಮೈಗೆ ಪತ್ರಿಕೆಯ ಚಿತ್ರಗಳನ್ನು ಕತ್ತರಿಸಿ ಅಂಟಿಸಿದ್ದಾಳೆ. ಹಳದಿ ಕುರ್ಚಿ, ಹಳದಿ ದೀಪ, ಹಳದಿ ಬಾಗಿಲು. ಅಂಚುಗಳನ್ನು ನೇರವಾಗಿ ಕತ್ತರಿಸಿಲ್ಲ. ಈ ವಯಸ್ಸಿನಲ್ಲಿ ಇದೆಂಥ ಅಭಿರುಚಿ ಎಂದುಕೊಂಡು ಮುಚ್ಚಿದೆ.

ಸಂಪಾದಕಿಗೆ ದೂರವಾಣಿ ಮಾಡಿ, ಆ ಅರ್ಧಚಂದ್ರಾಸನ ಎಲ್ಲಿ ಸಿಗುತ್ತದೆಂದು ಕೇಳಿದೆ. "ಯಾವುದು ಮೇಡಂ? ಓ, ಆ ಸೋಫಾನಾ? ಫೋಟೋ ತೆಗೆದಾದ್ಮೇಲೆ ನಮ್ಮ ಆಫೀಸಲ್ಲೇ ಬಿದ್ದಿದೆ, ಅಡ್ಡ ಆಗಿ ಎಲ್ಲರೂ ಎಡವ್ತಿದಾರೆ. ತಗೊಂಡ್ ಹೋಗಿ, ಪುಣ್ಯ ಬರುತ್ತೆ."

ನೋಡಲು ಬರುವಿರಾ ಎಂದು ಕೇಳಿದಳು. ಅಗತ್ಯವಿಲ್ಲ ಎಂದೆ. ಅದರ ವರ್ಣನೆ ಬರೆದವಳೇ ನಾನು.

ಮಾರ್ಚ್ ೧೨, ಬುಧವಾರ

ಅಡುಗೆಮನೆಯನ್ನು ಅಡಗಿಸಿದೆ. ಕಣ್ಣಿಗೆ ಬೀಳುವ ಡಬ್ಬಿ, ಬಾಟಲಿ, ಸೌಟುಗಳನ್ನೆಲ್ಲ ಬಾಗಿಲುಗಳ ಹಿಂದೆ ಸೇರಿಸಿದೆ. ಹೊರಗಿನಿಂದ ನೋಡಿದರೆ ಯಾರೂ ಇಲ್ಲಿ ಒಂದು ಲೋಟ ನೀರನ್ನಾದರೂ ಕಾಯಿಸಿದ್ದಾರೆಂದು ಅನ್ನಿಸದು. ಬಹಳ ಸೊಗಸು.

ಚಹಾಪುಡಿ ಸಿಗಲಿಲ್ಲ. ಬಿಸಿನೀರು ಕುಡಿದೆ.

ಸೂರಿನ ದೀಪ ಕಳಚಿಸಿ ಮೂರು ನೆಲದೀಪಗಳನ್ನು ಇರಿಸಿದೆ. ಎರಡರ ತಂತಿಗಳನ್ನು ಎಡವಿದೆ. ಮೂರನೆಯದರ ತಂತಿ ಗಿಡ್ಡವಾಗಿದ್ದುದರಿಂದ ನಾನೂ ಉಳಿದೆ, ಅದೂ ಉಳಿಯಿತು.

ಮಾರ್ಚ್ ೧೫, ಶನಿವಾರ

ಆಸನ ಬಂದಿತು.

ಹೊತ್ತು ತಂದವರು ನಾಲ್ವರು. ಅದು ಬಾಗಿದೆ, ನಮ್ಮ ಬಾಗಿಲು ನೇರವಾಗಿದೆ. ಒಬ್ಬ "ಅಮ್ಮ, ಇದನ್ನ ಎಮ್ಮೆ ಥರ ಹಿಂದಿಂದ ನೂಕ್ಬೇಕು" ಎಂದ. ಇನ್ನೊಬ್ಬ "ಬಾಗಿಲು ಕಿತ್ಬಿಡೋಣ್ವಾ?" ಎಂದ. ಅರ್ಧಚಂದ್ರಾಸನವನ್ನು ಗೌರವದಿಂದ ಒಳತರಬೇಕೆಂದು ಕೇಳಿಕೊಂಡೆ. "ಯಾರನ್ನ?" ಎಂದು ನನ್ನ ಹಿಂದೆ ಇಣುಕಿದ. ಕೊನೆಗೆ ಹಿಂದಿನಿಂದಲೇ ನೂಕಿದರು.

ಚೌಕಾಕಾರದ ಕೋಣೆಯಲ್ಲಿ ಚಂದ್ರನನ್ನು ಕೂರಿಸಿದರೆ ಹಿಂದೆ ಎರಡು ಮೂಲೆಗಳು ಉಳಿದುಬಿಡುತ್ತವೆ. ಅಲ್ಲಿಗೆ ಕೈ ಹೋಗದು, ಕಸಬರಿಕೆ ಹೋಗದು. ಬರುವ ವರ್ಷ ಮೂಲೆಗಳಿಗೆ ಉಳಿಗಾಲವಿಲ್ಲವೆಂದು ಅಚ್ಚುಕಟ್ಟಾಗಿ ತಿದ್ದಿದವಳು ಈಗ ಆ ಎರಡನ್ನು ನೋಡುತ್ತ ನಿಂತೆ.

ಬಣ್ಣ ನಿಜಕ್ಕೂ ಒಣ ಅಣಬೆಯದೇ. ಕುಳಿತು ನೋಡಲಿಲ್ಲ. ತಂಗಿ ಬರುವವರೆಗೆ ಕೆಡಬಾರದೆಂದು ಎರಡು ಹಾಸುಹೊದಿಕೆಗಳನ್ನು ಸೇರಿಸಿ ಗವಸು ಹೊದಿಸಿದ್ದೇನೆ.

ಮಾರ್ಚ್ ೧೮, ಮಂಗಳವಾರ

ತಂಗಿ ದಿನವೂ ನಾಲ್ಕು ಗಂಟೆಗೆ ಕರೆ ಮಾಡುತ್ತಾಳೆ. ಇಂದು ದನಿ ಬೇರೆಯಾಗಿತ್ತು.

"ಅಕ್ಕ, ಇಲ್ಲಿಯವರು ನಾಳೆ ಸಂಜೆ ಒಳಗೆ ವಿಳಾಸ ಕೊಡಿ ಅಂತಿದಾರೆ. ವ್ಯಾಯಾಮ ಮಾಡ್ಸೋರು ಯಾವ ಮನೆಗೆ ಬರ್ಬೇಕು ಅಂತ. ನಾನು ಪಕ್ಕದ ಹಾಸಿಗೆಯವಳ ಮನೆ ವಿಳಾಸ ಕೊಡ್ಬಹುದು. ನಮ್ಮನೇದೂ ಕೊಡ್ಬಹುದು."

"ಮನೆ ಸಿದ್ಧವಾಗುತ್ತಿದೆ. ವೈಭವಗೃಹದ ಎಲ್ಲ ಲಕ್ಷಣಗಳೂ..."

"ಮನೆ ವಿಷ್ಯ ಅಲ್ಲ. ನಾನು ಬರ್ಲಿ ಅಂತ ನಿನಗಿದೆಯಾ? ನಾಳೆ ನಾಲ್ಕಕ್ಕೆ ಫೋನ್ ಮಾಡ್ತೀನಿ. ಯೋಚ್ನೆ ಮಾಡಿ ಹೇಳು. ಏನ್ ಬೇಕಾದ್ರೂ ಹೇಳು, ಬೀಗ ಮಾತ್ರ ಹಾಕ್ಬೇಡ. ಹಾಕಿದ್ರೆ ಅದೇ ಉತ್ತರ ಅಂದ್ಕೋತೀನಿ."

ಇದಕ್ಕೆ ಯೋಚಿಸುವುದೇನಿದೆ? ಆದರೂ ಉತ್ತರ ಸುಸಂಬದ್ಧವಾಗಿರಲೆಂದು ಒಂದು ವಾಕ್ಯ ರಚಿಸಿದೆ. 'ನಿನ್ನ ಪುನರಾಗಮನವು ಈ ಗೃಹಕ್ಕೆ' ಎಂದು ಆರಂಭ. ಹೊಡೆದುಹಾಕಿದೆ. ಇನ್ನೊಂದು ರಚಿಸಿದೆ. ಅದನ್ನೂ ಹೊಡೆದುಹಾಕಿದೆ. ಇಷ್ಟು ತಿದ್ದಿಯೂ ನಿಲ್ಲದ ವಾಕ್ಯವನ್ನು ನಾನು ಹಿಂದೆ ಕಂಡಿಲ್ಲ.

ಮಾರ್ಚ್ ೧೯, ಬುಧವಾರ

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ. ಕ್ರಮವಾಗಿ ನಡೆಯಲಿಲ್ಲ.

ಮಧ್ಯಾಹ್ನ ಆಸನದ ಗವಸು ತೆಗೆದೆ. ತಂಗಿಗೆ ಅದರ ಸುಖವನ್ನು ವರ್ಣಿಸಬೇಕಾದರೆ ಒಮ್ಮೆಯಾದರೂ ಕುಳಿತಿರುವುದು ನ್ಯಾಯವೆನಿಸಿತು. ಬೆನ್ನು ನೆಟ್ಟಗೆ ಇರಿಸಿಕೊಂಡು, ಗೌರವಸ್ಥರು ಕೂರುವಂತೆ ಕೂರಲು ಹೋದೆ. ಆಸನ ಸಿಗಲಿಲ್ಲ. ಇನ್ನೂ ಬಗ್ಗಿದೆ. ಅಲ್ಲಿಯೂ ಸಿಗಲಿಲ್ಲ. ಆಮೇಲೆ ನಾನು ಕೂರಲಿಲ್ಲ, ಬಿದ್ದೆ. ಮೋಡದಂತೆ ಬರಮಾಡಿಕೊಂಡಿತು. ಮೊಣಕಾಲುಗಳು ಗಲ್ಲದ ಮಟ್ಟಕ್ಕೆ ಬಂದವು.

ಏಳಲು ಯತ್ನಿಸಿದೆ. ಕೈಯೂರಿದರೆ ಕೈ ಮುಳುಗುತ್ತಿತ್ತು. ಹಿಡಿಯಲು ತೋಳಿಲ್ಲ, ಕಾಲಿಲ್ಲ, ಅಂಚೂ ಇಲ್ಲ, ಎಲ್ಲವೂ ಬಾಗಿದೆ. ಅಂಗಾತ ಬಿದ್ದ ಜಿರಳೆ ಹೇಗೆ ಕೈಕಾಲಾಡಿಸುತ್ತದೆಂಬುದು ಒಳಗಿನಿಂದ ಅನುಭವಕ್ಕೆ ಬಂದಿತು. ಅದಕ್ಕಾದರೂ ಆರು ಕಾಲುಗಳಿವೆ.

ಆಗ ಎಲ್ಲಿಂದಲೋ ಆ ಮೂಲವಾಕ್ಯ ನೆನಪಾಯಿತು. ಈ ಸೋಫಾ ತುಂಬಾ ತಗ್ಗಾಗಿದೆ. ಪಾಪ, ಹೇಳಬೇಕಾದುದನ್ನೆಲ್ಲ ಹೇಳಿದ್ದ ಹುಡುಗ. ನಾನು ತಿದ್ದಿದ್ದೆ.

ಅಲ್ಲಿಂದ ಮನೆ ಬೇರೆಯಾಗಿ ಕಂಡಿತು. ಬರೆಯುವ ಮೇಜಿನ ಅಡಿಭಾಗ, ಗವಸು ತೊಟ್ಟ ಕುರ್ಚಿಗಳ ಸಾಲು. ಯಾರೋ ಊರಿಗೆ ಹೋಗಿ ತಿಂಗಳುಗಳಾದ ಮನೆಯಂತಿತ್ತು. ಪರದೆಯ ನೆರಿಗೆಗಳು ಕೆಳಗಿನಿಂದ ನೋಡಿದರೆ ಸಮವಾಗಿಯೇ ಇದ್ದವು.

ನಾಲ್ಕು ಹೊಡೆಯಿತು. ದೂರವಾಣಿ ಕರೆಯಿತು.

ಅದು ಮೇಜಿನ ಮೇಲಿತ್ತು, ನಾನು ಮೋಡದಲ್ಲಿದ್ದೆ. ಬರುತ್ತೇನೆ ಎಂದು ಕೂಗಿದೆ. ಎತ್ತದ ದೂರವಾಣಿಗೆ ಕೂಗಿದರೆ ಯಾರಿಗೆ ಕೇಳಿಸುತ್ತದೆ? ಅದು ಕರೆದು ಕರೆದು ನಿಂತಿತು. ಮತ್ತೆ ಕರೆಯಿತು. ಮತ್ತೆ ನಿಂತಿತು. ಮೂರನೆಯ ಸಲ ಕರೆಯಲಿಲ್ಲ.

ಅಕ್ಕ ಬೀಗ ಹಾಕಿದ್ದಾಳೆ ಎಂದು ತಂಗಿ ಅಂದುಕೊಂಡಿರುತ್ತಾಳೆ. ಆ ಕ್ಷಣದಲ್ಲಿ ನಾನು ಮಾಡಿದ್ದನ್ನು ವರ್ಣಿಸಲು ಒಳ್ಳೆಯ ಪದ ಹುಡುಕುವುದಿಲ್ಲ. ಉರುಳಿದೆ. ಉರುಳಿ ನೆಲಕ್ಕೆ ಬಿದ್ದು, ಅಂಬೆಗಾಲಿಡುತ್ತ, ನೆಲದೀಪವೊಂದನ್ನು ಕೆಡವಿ, ಮೇಜಿನ ಕಾಲು ಹಿಡಿದು ಮೇಲೆದ್ದೆ. ಮೇಜಿನ ಮೇಲೆ ನಿನ್ನೆಯ ವಾಕ್ಯಗಳೆಲ್ಲ ಸಾಲಾಗಿ ಬಿದ್ದಿದ್ದವು. ನೋಡಲಿಲ್ಲ.

ಕರೆ ಮಾಡಿದರೆ ಎತ್ತಿದವರು ಕಂಡಕ್ಟರಮ್ಮ. "ಇವಳು ಆಫೀಸ್ ಕಡೆ ಹೋದ್ಲು. ವಿಳಾಸ ಕೊಡೋಕೆ. ಮುಖ ಸಪ್ಪಗಿತ್ತು. ನೀವ್ಯಾಕೆ ಫೋನ್ ಎತ್ಲಿಲ್ಲ?"

"ಕಾರ್ಯನಿಮಿತ್ತ..."

"ಏನ್ ಕಾರ್ಯ?"

ಪರಕೀಯರ ಮುಂದೆ ಹೇಳುವ ಮಾತಲ್ಲ. ಆದರೆ ತಂಗಿ ಕೋಲೂರಿಕೊಂಡು ಪಡಸಾಲೆಯಲ್ಲಿ ನಡೆಯುತ್ತಿರುವುದು ಕಣ್ಣಿಗೆ ಕಟ್ಟಿತು.

"ಸೋಫಾದಲ್ಲಿ ಸಿಕ್ಹಾಕೊಂಡಿದ್ದೆ" ಎಂದೆ. "ಏಳೋಕೆ ಆಗ್ಲಿಲ್ಲ. ಉರುಳ್ಕೊಂಡು ಬಂದೆ. ಅವಳನ್ನ ತಡೀರಿ."

ಆ ಕಂಠದಲ್ಲಿ ಹೊರಟ ನಗು ಎಷ್ಟು ದೊಡ್ಡದಾಗಿತ್ತೆಂದರೆ ದಾದಿ ಓಡಿಬಂದ ಸಪ್ಪಳ ಕೇಳಿಸಿತು. ನಗುವಿನ ನಡುವೆಯೇ ಅವರು ಬಸ್ಸು ನಿಲ್ಲಿಸುವ ಹಾಗೆ ಕೂಗಿದರು: "ಏ, ಹೋಲ್ಡಾನ್, ಹೋಲ್ಡಾನ್! ನಿಮ್ಮಕ್ಕ ಸೋಫಾದಲ್ಲಿ ಸಿಕ್ಕೊಂಡಿದ್ರಂತೆ!"

ತಂಗಿ ಬಂದು ದೂರವಾಣಿ ತೆಗೆದುಕೊಂಡಳು. ಏದುಸಿರು.

"ಅಕ್ಕ, ಪೆಟ್ಟಾಯ್ತಾ?"

"ಇಲ್ಲ. ವಿಳಾಸ ಕೊಟ್ಯಾ?"

"ಇನ್ನೂ ಇಲ್ಲ. ಅಲ್ಲ, ನೀನೇ ಏಳಕ್ಕಾಗದ ಸೋಫಾದಲ್ಲಿ ನನ್ನ ಕೂರಿಸ್ಬೇಕು ಅಂತಿದ್ಯಾ? ಈ ಹೊಸ ಸೊಂಟ ಇಟ್ಕೊಂಡು?"

ಸುಮ್ಮನಾಗಿಬಿಡುವ ಅಭ್ಯಾಸ ಗಂಟಲವರೆಗೆ ಬಂದಿತ್ತು. ಅದನ್ನು ನುಂಗಿಕೊಂಡು, "ನಿಂಗೆ ಎಂಥದ್ದು ಬೇಕು?" ಎಂದೆ.

ಸಂಪರ್ಕ ಕಡಿದುಹೋಯಿತೇನೋ ಎಂದು ಎರಡು ಬಾರಿ ಹಲೋ ಎಂದೆ. ಏಕೆ ಅಷ್ಟು ಹೊತ್ತು ಸುಮ್ಮನಿದ್ದಳೋ ತಿಳಿಯದು. ಪ್ರಶ್ನೆ ಸರಳವಾಗಿಯೇ ಇತ್ತು.

"ಎತ್ತರ ಇರ್ಲಿ" ಎಂದಳು ಕೊನೆಗೆ. "ಏಳೋವಾಗ ಹಿಡ್ಕೊಳ್ಳೋಕೆ ಏನಾದ್ರೂ ಇರ್ಲಿ. ಕವರ್ ಬೇಡ. ಮತ್ತೆ... ಹಳದಿ."

"ಬಾ" ಎಂದೆ. ರಚಿಸಿದ ವಾಕ್ಯಗಳಲ್ಲಿ ಇದು ಇರಲಿಲ್ಲ.

"ಒಂದು ವಾರ ಬರ್ತೀನಿ" ಎಂದಳು. "ಒಂದು ವಾರ ನೋಡ್ತೀನಿ. ಆಮೇಲೆ ಹೇಳ್ತೀನಿ."

ಮಾರ್ಚ್ ೨೨, ಶನಿವಾರ

ಬಡಗಿಯನ್ನು ಕರೆಸಿದೆ. ಆಸನಕ್ಕೆ ಗಟ್ಟಿಮರದ ಆರು ಕಾಲುಗಳನ್ನು ಹೊಂದಿಸಿ, ಮೆತ್ತೆಯೊಳಗೆ ಹಲಗೆ ಸೇರಿಸಿಕೊಟ್ಟ. "ಅಮ್ಮ, ಇಷ್ಟು ಚೆನ್ನಾಗಿರೋದನ್ನ ಹೀಗೆ ಹಾಳ್ಮಾಡ್ತಿರೋದು ನಾನಲ್ಲ, ನೀವು, ನೆನಪಿರ್ಲಿ" ಎಂದು ಎರಡು ಸಲ ಹೇಳಿದ. ಕಂಡಕ್ಟರಮ್ಮ ದೂರವಾಣಿಯಲ್ಲಿ ಸಲಹೆ ಕೊಟ್ಟಿದ್ದರು: ಬಸ್ಸಿನಲ್ಲಿರುವಂತೆ ನೆಲದಿಂದ ಸೂರಿನವರೆಗೆ ಒಂದು ಕಂಬಿ. ಅದೂ ನಿಂತಿತು. ಆಸನಕ್ಕೆ ಹೊಸ ಬಟ್ಟೆ ಹೊಲಿಯುವವನು ಹಳದಿಯಲ್ಲಿ ಹನ್ನೊಂದು ಬಗೆ ತೋರಿಸಿದ. ನಾನು ತೀರಾ ಮಂಕಾದುದರ ಮೇಲೆ ಬೆರಳಿಟ್ಟೆ. ಆಮೇಲೆ ತೆಗೆದೆ. ತುಂಡುಗಳನ್ನು ಕೇಂದ್ರಕ್ಕೆ ಕೊಂಡುಹೋದೆ. ತಂಗಿ ಕಣ್ಣು ಕುಕ್ಕುವುದನ್ನೇ ಆರಿಸಿದಳು.

ಈಗ ಅದು ನಾಲ್ಕು ರಸ್ತೆ ಸೇರುವಲ್ಲಿ ಕೆಟ್ಟು ನಿಂತ ವಾಹನದಂತೆ ಕಾಣುತ್ತದೆ. ಸೂರಿನ ದೀಪ ಮರಳಿ ಮೇಲೇರಿತು. ಚಹಾಪುಡಿ ಸಿಕ್ಕಿತು, ಔಷಧಿಗಳ ಹಿಂದೆ ಇತ್ತು.

ಮಾರ್ಚ್ ೨೭, ಗುರುವಾರ

ಬಂದಳು. ಕಂಡಕ್ಟರಮ್ಮ ಜೊತೆಗೆ ಬಂದು ಕೋಣೆಯನ್ನೆಲ್ಲ ತಪಾಸಣೆ ಮಾಡಿ, ಕಂಬಿಯನ್ನು ಅಲುಗಿಸಿ ನೋಡಿ, "ರೈಟ್" ಎಂದರು. ತಂಗಿ ಕುಳಿತಳು. ಎದ್ದಳು. ಮತ್ತೆ ಕುಳಿತಳು. ಮಕ್ಕಳಂತೆ ನಾಲ್ಕಾರು ಬಾರಿ.

ತಂದ ಚೀಲವನ್ನು ಬಾಗಿಲ ಬಳಿಯೇ ಇಟ್ಟಿದ್ದಾಳೆ. ಬೀರುವಿಗೆ ಜೋಡಿಸಿಕೊಡಲೇ ಎಂದೆ. "ಇರ್ಲಿ ಅಕ್ಕ, ವಾರಕ್ಕೆ ತಾನೆ" ಎಂದಳು. ಚೀಲ ದಾರಿಗೆ ಅಡ್ಡವಾಗಿದೆ. ಏನೂ ಅನ್ನಲಿಲ್ಲ.

ಮಾರ್ಚ್ ೩೧, ಸೋಮವಾರ

ಮೇಜಿನ ಮೇಲೆ ಲೋಟದ ಮೂರು ಗುರುತುಗಳು. ಒಂದು ನನ್ನದು.

ಕುರ್ಚಿಗಳ ಗವಸುಗಳು ಒಗೆಯಲು ಹೋಗಿವೆ. ತೊಡಿಸಬೇಕು. ಪುರುಸೊತ್ತಾಗಿಲ್ಲ.

ಏಪ್ರಿಲ್ ೨, ಬುಧವಾರ

ಸಂಪಾದಕಿ ವಿಶೇಷ ಸಂಚಿಕೆ ಕೊಡಲು ಬಂದವಳು ಆಸನ ಕಂಡು ಬಾಗಿಲಲ್ಲಿಯೇ ನಿಂತಳು. ಕ್ಷಮೆ ಕೇಳಲು ಬಾಯಿ ತೆರೆದೆ.

"ಮೇಡಂ, ಇದು ಯಾರ ಡಿಸೈನು?" ಎಂದು ಕಂಬಿಯ ಸುತ್ತ ಒಂದು ಸುತ್ತು ಬಂದಳು. "ಎತ್ತರ, ಹಳದಿ, ಈ ಕಂಬ... ಇದೇ ಮುಂದಿನ ವರ್ಷದ್ದು. ತಗ್ಗಿನ ಸೋಫಾ ಎಲ್ಲ ಮುಗೀತು ಮೇಡಂ, ಜನ ಬೇಜಾರಾಗಿದಾರೆ."

"ಬೇಜಾರಲ್ಲ, ಅದ್ರಿಂದ ಇನ್ನೂ ಎದ್ದಿಲ್ಲ ಅಷ್ಟೇ" ಎಂದಳು ತಂಗಿ.

ನಾಳೆಯೇ ಚಿತ್ರ ತೆಗೆಸುತ್ತಾಳಂತೆ. ವರ್ಣನೆ ನಾನೇ ಬರೆಯಬೇಕಂತೆ.

ತಂಗಿ ಸಂಚಿಕೆ ತೆರೆದು ಚಿತ್ರಗಳನ್ನು ತೋರಿಸಿದಳು. ಪಕ್ಕದಲ್ಲಿ ಕುಳಿತು ನೋಡಿದೆ. ತಪ್ಪುಗಳನ್ನು ಹುಡುಕುವುದು ಮರೆತುಹೋಯಿತು.

ಏಪ್ರಿಲ್ ೪, ಶುಕ್ರವಾರ

ವಾರ ನಿನ್ನೆಗೆ ಮುಗಿಯಿತು. ತಂಗಿ ಏನೂ ಹೇಳಲಿಲ್ಲ. ನಾನು ಕೇಳಲಿಲ್ಲ, ಬೀಗದಿಂದಲ್ಲ, ಧೈರ್ಯ ಸಾಲದೆ.

ಆಸನದ ವರ್ಣನೆಗೆ ಬೆಳಗ್ಗೆಯಿಂದ ಕುಳಿತೆ. ಮೋಡ, ಚಂದ್ರ, ಹೊನ್ನು, ಎಲ್ಲವೂ ಬಂದು ಹೋದವು. ಕಡೆಗೆ "ಇದರಲ್ಲಿ ಕುಳಿತವರು ಏಳಬಹುದು" ಎಂದು ಬರೆದು ಸಂಪಾದಕಿಗೆ ಓದಿ ಹೇಳಿದೆ.

"ಇಷ್ಟೇನಾ ಮೇಡಂ?"

"ಇಷ್ಟೇ."

ಒಳಗಿನ ಕೋಣೆಯಲ್ಲಿ ತಂಗಿ ಕಂಡಕ್ಟರಮ್ಮನ ಜೊತೆ ದೂರವಾಣಿಯಲ್ಲಿ ಹರಟುತ್ತಿದ್ದಳು. "ಭಾನುವಾರ ನೀನೇ ಬಾರೆ, ನಮ್ಮಲ್ಲಿ ಸೀಟ್ ಖಾಲಿ ಇದೆ" ಎಂದದ್ದು ಕೇಳಿಸಿತು. ತಂಗಿ ಎಡವಿ ಬಿದ್ದಾಳೆಂದು, ಬಾಗಿಲ ಬಳಿಯ ಚೀಲವನ್ನು ಪಕ್ಕಕ್ಕಿಡಲು ಹೋದೆ. ಭಾರವಿರಬಹುದೆಂದು ಎರಡೂ ಕೈಗಳಿಂದ ಎತ್ತಿದೆ. ಖಾಲಿ ಚೀಲ ಗಾಳಿಯಂತೆ ಮೇಲೆ ಬಂದಿತು. ಆಯ ತಪ್ಪಿ ಕಂಬಿ ಹಿಡಿದುಕೊಂಡೆ.

ಅದರ ಜಾಗ ಅಟ್ಟದ ಮೇಲೆ. ಆದರೆ ಈ ಮನೆಯಲ್ಲಿ ಸ್ಟೂಲು ಹತ್ತುವುದನ್ನು ನಿಷೇಧಿಸಿದ್ದೇನೆ. ಬಾಗಿಲ ಬಳಿಯೇ ಬಿದ್ದಿರಲಿ.